ಕಡತ ವಿಲೇವಾರಿ

ಮೂವತ್ತೆಂಟು ವರ್ಷ ನಗರಸಭೆಯ ಎರಡನೇ ಮಹಡಿಯಲ್ಲಿ
ಮೊಹರು ಒತ್ತಿದ ಕೈ ಇದು.
ಈಗ ಅಂಗಡಿಯ ಒಂಬತ್ತನೇ ಸಾಲಿನಲ್ಲಿ
ಟಾಯ್ಲೆಟ್ ಪೇಪರಿನ ಗೋಡೆಯೆದುರು
ತೀರ್ಮಾನವಾಗದೆ ನೇತಾಡುತ್ತಿದೆ.

ಫುಸಾಯೆ ಚೀಟಿಯಲ್ಲಿ ಬರೆದದ್ದು ಸ್ಪಷ್ಟ:
ಮೂರು ಪದರದ್ದು, ಮೆತ್ತನೆಯದು, ಹೂವಿನ ವಾಸನೆಯದು.
ಕೆಳಗೆ ಎರಡು ಗೆರೆ ಎಳೆದಿದ್ದಾಳೆ,
ಗಂಡನ ನೆನಪಿನ ಮೇಲೆ ಅವಳ ನಂಬಿಕೆ ಅಷ್ಟು.

ಹೊದಿಕೆಯ ಮೇಲೊಂದು ಮೊಲ.
ಒಳಗೆ, ಕಣ್ಣಿಗೆ ಬೀಳದ ಹಾಗೆ,
ಎಲ್ಲೋ ಹಿಮ ಸುರಿಯುವ ದೇಶದ ಸ್ಪ್ರೂಸ್ ಮರ.
ಎಂಬತ್ತು ಚಳಿಗಾಲ ನಿಂತೇ ಕಳೆದದ್ದಕ್ಕೆ
ನಮ್ಮ ಮನೆಯಲ್ಲಿ ಎಂಟು ಸೆಕೆಂಡಿನ ಕೆಲಸ.
ಲೆಕ್ಕ ಹಾಕಿದ್ದೇನೆ. ನಿವೃತ್ತನಿಗೆ ಬೇರೇನಿದೆ?

ಅದರ ಕೆಳಗೆ, ಮೊಣಕಾಲ ಎತ್ತರದಲ್ಲಿ,
ಬಗ್ಗಿದವರಿಗೆ ಮಾತ್ರ ಸಿಗುವ ಹಾಗೆ
ನಮ್ಮೂರಿನದೇ ಗಿರಣಿಯ ಮಾಲು:
ಒಂದೇ ಪದರ, ನಡುವೆ ಕೊಳವೆಯೂ ಇಲ್ಲ,
ಮೋಡ ಕವಿದ ದಿನದ ಬೆಟ್ಟದ ಬಣ್ಣ.
ಹಳೆಯ ಪತ್ರಿಕೆ, ಹಾಲಿನ ರಟ್ಟಿನ ಡಬ್ಬಿ, ರೈಲು ಟಿಕೆಟ್ಟು,
ಕಚೇರಿಗಳ ರದ್ದಿ, ಎಂದಿದೆ ಸಣ್ಣಕ್ಷರದಲ್ಲಿ.

ಕಚೇರಿಗಳ ರದ್ದಿ.
ಬಗ್ಗಿದವನು ಹಾಗೇ ನೆಲಕ್ಕೆ ಕೂತುಬಿಟ್ಟೆ.
ಅಂಗಡಿಯ ಹುಡುಗ ಓಡಿ ಬಂದ, ತಾತ, ಮೈ ಸರಿಯಿಲ್ಲವೆ?

ಪ್ರತಿ ಮಾರ್ಚಿನಲ್ಲಿ ಬೀಗ ಹಾಕಿದ ಲಾರಿ ಬರುತ್ತಿತ್ತು.
ಅವಧಿ ಮುಗಿದ ಕಡತಗಳನ್ನು ನಾನೇ ಎಣಿಸಿ ಏರಿಸಿ
ಗಿರಣಿಯ ತೊಟ್ಟಿಯವರೆಗೆ ಜೊತೆಗೆ ಹೋಗಿ
ಕೊನೆಯ ಹಾಳೆ ಮುಳುಗುವುದನ್ನು ಕಣ್ಣಾರೆ ಕಂಡು
ಸಹಿ ಹಾಕಬೇಕು: ನಾಶವಾಗಿದೆ.
ಬೂದು ಗಂಜಿಯಲ್ಲಿ ಗರಗರ ತಿರುಗುತ್ತಿದ್ದವು
ಇಬ್ಬರು ಸೋದರರ ಬೇಲಿ ತಕರಾರು,
ನಾಯಿ ಬೊಗಳುತ್ತದೆಂದು ಓಗುಶಿ ಅಜ್ಜಿ ಕೊಟ್ಟ ಇಪ್ಪತ್ತಮೂರು ದೂರು,
ನೀರಿನ ಬಾಕಿ,
ಬಿಟ್ಟ ಹೆಂಡತಿಯನ್ನೇ ಮತ್ತೆ ಮದುವೆಯಾಗಲು
ಏನೇನು ದಾಖಲೆ ಬೇಕೆಂದು ಕೇಳಿದವನ ಕಾಗದ,
ನನ್ನ ಬಡ್ತಿಯ ಅರ್ಜಿ, ಮೂರು ಸಲ.

ನಾಶವೆಲ್ಲಿ ಆಯಿತು?
ಅಷ್ಟೂ ವರ್ಷ ಸುಳ್ಳು ಸಹಿ ಹಾಕಿದ್ದೆನಲ್ಲ!

ಎರಡು ಕಟ್ಟು ಸೈಕಲ್ಲಿಗೆ ಬಿಗಿದು ಹೊರಟೆ.
ಚಿಮಣಿಗಳ ಹಿಂದೆ ಫುಜಿ ಬೆಟ್ಟ,
ಅರ್ಧ ಬೆಟ್ಟ, ಅರ್ಧ ಗಿರಣಿಯ ಹಬೆ.

ಫುಸಾಯೆ ಬೆರಳಲ್ಲಿ ಉಜ್ಜಿ ನೋಡಿದಳು.
"ರೀ, ಇದರಲ್ಲಿ ಬಾಣಲೆ ತಿಕ್ಕಬಹುದು."
ಮರದ ಕತೆ ಹೇಳಿದೆ. ಚಳಿಗಾಲಗಳನ್ನು ಒಂದೊಂದಾಗಿ ಹೇಳಿದೆ.
"ಎಂಬತ್ತು ವರ್ಷ ನಿಂತ ಮರದ ಕಷ್ಟ ನಿಮಗೆ ಗೊತ್ತು.
ಮೂಲವ್ಯಾಧಿ ಇಟ್ಟುಕೊಂಡು ಕೂತವಳದ್ದು?"
ಇದಕ್ಕೆ ಯಾವ ನಿಯಮಾವಳಿಯಲ್ಲೂ ಉತ್ತರವಿರಲಿಲ್ಲ.

ಕೊನೆಗೆ ಒಪ್ಪಂದ.
ಮಗಳು ಕೊಡಿಸಿದ, ನೀರು ಚಿಮ್ಮುವ ಪೀಠ,
ಕರೆಂಟು ದಂಡವೆಂದು ನಾನೇ ಪ್ಲಗ್ಗು ಕಿತ್ತಿಟ್ಟದ್ದು,
ಇನ್ನು ಮೇಲೆ ಓಡುತ್ತದೆ.
ಒರೆಸಲು ಮಾತ್ರ ಬೂದು ಕಾಗದ, ತಲೆಗೆ ಎರಡು ಗೇಣು.
ಮೊಲದ ಕಟ್ಟೊಂದು ಕಪಾಟಿನಲ್ಲಿ, ನೆಂಟರಿಗೆಂದು.
ನಮ್ಮಲ್ಲಿಗೆ ನೆಂಟರು ಬರುವುದು ಅಪರೂಪ.
ಆದರೂ ಅದು ಕರಗುತ್ತಿದೆ.
ನಾನು ಕೇಳುವುದಿಲ್ಲ.

ರಾತ್ರಿ ಎರಡೂವರೆಗೆ, ಕೂತಲ್ಲೇ,
ಹರಿದ ತುಂಡನ್ನು ದೀಪಕ್ಕೆ ಹಿಡಿದೆ.
ಸಾಸಿವೆಗಿಂತ ಚಿಕ್ಕದು, ಒಂದು ಕೆಂಪು ಚುಕ್ಕೆ.
ಮೊಹರಿನ ಮಸಿಯೋ,
ಹಾಲಿನ ಡಬ್ಬಿಯ ಮೇಲಿನ ಹಸುವಿನ ನಾಲಿಗೆಯೋ.
ಅಭ್ಯಾಸಬಲ, ಹೆಬ್ಬೆರಳು ತಾನಾಗಿ
ಅದರ ಮೇಲೆ ಒತ್ತಿತು.

ಆಮೇಲೆ ಮಡಿಚಿ,
ಕಡತ ವಿಲೇವಾರಿ ಮಾಡಿ,
ಕೈ ತೊಳೆದುಕೊಂಡೆ.