ತೋರಿಸು, ಅಡಗಿಸು

ದುಧನಿ ಸ್ಟೇಷನ್ನಿನೆದುರು ನನ್ನ ಟೈಪಿಂಗ್ ಅಂಗಡಿ.
ಬೋರ್ಡು ಮರಾಠಿ, ಬಿಲ್ಲು ಇಂಗ್ಲಿಷು,
ಬೈಗುಳ ಮಾತ್ರ ಕನ್ನಡ.

ಲಾಡ್ಲೇಸಾಬ ಮಾಸ್ತರರು ಟೊಪ್ಪಿಯ ತೊಗರಿಧೂಳು ಝಾಡಿಸಿ
ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದಂತೆ
ಪೆನ್‌ಡ್ರೈವು ತೆಗೆದರು.
"ಹನ್ನೊಂದು ವರ್ಷದ ಶಬ್ದ ಅವ ಜಗದೇವಿ, ಇದರಾಗ.
ಸೀಮಿ ಮಂದಿ ಆಡೂ ಶಬ್ದ. ಸಾಲಿ ಕಂಪ್ಯೂಟರಿನ್ಯಾಗ ನಾನೇ ಬಡದದ್ದು.
ಈಗ ಎಲ್ಲಾ ಒಂದ ಕಣ್ಣಿನ ಮ್ಯಾಲ ನಡದದ.
ನನಗ ಕಾಣೂ ಹಂಗ ಮಾಡಿಕೊಡವಾ."

ತೆರೆದೆ.
ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ, ಎ, ಎ,
ಬಗಲಿಗೊಂದು ಪುಟಾಣಿ ಎರಡಂಕಿ, ಪುಟದ ತುಂಬ ಅದೇ.
ಅವರಿಗೆ ಕಾಣದ್ದು ಒಳ್ಳೆಯದಾಯಿತು.
ಇದು ಯಾವ ಲಿಪಿ ಅಂತ ಮಶೀನಿಗೆ ಯಾರೂ ಹೇಳಿರಲಿಲ್ಲ.
ಸೆಟ್ಟಿಂಗಿನೊಳಗೆ ಹೊಕ್ಕು ಯೂನಿಕೋಡ್ ಒತ್ತಿದೆ,
ಪುಟ ಒಮ್ಮೆ ನಡುಗಿ ಮೈತಿಳಿಯಿತು.

ಅಕ್ಷರ ಹದಿನಾಲ್ಕು.
"ಇರಿವಿ ಹರದಂಗ ಅದ."
ಇಪ್ಪತ್ತು.
"ಇನ್ನ."
ಮೂವತ್ತಾರು.
"ಹಾಂ. ಈಗ ಅ ಅಂದ್ರ ಅ."
ಹಿನ್ನೆಲೆ ಯಾವ ಬಣ್ಣ ಇಡ್ಲಿರಿ?
"ಸಾಲಿ ಹಲಗಿ ಹಂಗ."
ಕಪ್ಪು ಇಟ್ಟೆ. ಅಕ್ಷರಕ್ಕೆ ಸೀಮೆಸುಣ್ಣದ ಬಿಳಿ.
ಸಾಲು ಮಡಚಲೇ? ಹೌದು.
ಇಲ್ಲವಾದರೆ ಒಂದೇ ವಾಕ್ಯ ಹಳಿ ಹಿಡಿದು
ಗಾಣಗಾಪುರಕ್ಕೆ ಹೋಗಿ ನಿಂತೀತು.

ತತ್ರಾಣಿ, ನ್ಯಾರಿ, ಮುಟಗಿ, ಕೌದಿ.
"ಕೆಳಗ ಕೆಂಪು ಏನದು?"
"ತಪ್ಪು ಅಂತದ್ರಿ ಮಶೀನು."
"ಯಾವುದು?"
"ಎಲ್ಲಾ."
ಮಾಸ್ತರರು ಹೊಟ್ಟೆ ಹಿಡಿದು ನಕ್ಕರು,
ನೌಕರಿ ಮುಗಿಯೂತನಕ ಇನ್‌ಸ್ಪೆಕ್ಟರೂ ಹಂಗೇ ಅಂದ್ರವಾ.
ಕಾಗುಣಿತ ತಪಾಸಣೆಯ ಗುರುತು ತೆಗೆದೆ.
ಬರೆ ಮಾಯ್ದಂತೆ ಕೆಂಪು ಆರಿತು.

ಪಟ್ಟಿಯ ತಳಕ್ಕೊಂದು ಚೌಕ ಉಳಿದಿತ್ತು:
ಟಿಪ್ಪಣಿ ತೋರಿಸು.
ಏನಿದೆಯೋ ನೋಡೋಣವೆಂದು ಒತ್ತಿದೆ.
ಮೂಲೆಕಂಸ, ಬೆರಗಿನ ಚಿಹ್ನೆ, ಎರಡು ಅಡ್ಡಗೆರೆ;
ಅದರಾಚೆ ಬರೆದದ್ದನ್ನು ಮಶೀನು ಓದುತ್ತದೆ,
ಯಾರಿಗೂ ಆಡುವುದಿಲ್ಲ.

ನ್ಯಾರಿಯ ಹಿಂದೆ: ಹಾಲು ಮಾರುವಾಕೆ ಹೇಳಿದ ಶಬ್ದ. ಹೆಸರು ಕೇಳಲಿಲ್ಲ, ತಪ್ಪಾಯಿತು.
ಮುಟಗಿಯ ಹಿಂದೆ: ಇದನ್ನು ಬರೆವಾಗ ಹಸಿವಾಗಿತ್ತು.
ಆಮೇಲೆ ಹಗೇವು.
ಹಗೇವು, ನಾಮಪದ. ಜೋಳ ತುಂಬಿಡುವ ನೆಲದೊಳಗಿನ ಕುಳಿ.
ಬಾಯಿ ತೆಗೆದ ಮೇಲೆ ಮೊದಲು ಕಂದೀಲು ಇಳಿಬಿಡಬೇಕು.
ದೀಪ ಆರಿದರೆ ಮನುಷ್ಯ ಇಳಿಯಬಾರದು.
ಅದರ ಹಿಂದೆ:
ಅಣ್ಣ ಇಳಿದ. ಕಂದೀಲು ತರಬೇಕಾದವನು ನಾನು. ಗೋಲಿ ಆಡುತ್ತಿದ್ದೆ.

ಮೂವತ್ತಾರರ ಅಳತೆಯಲ್ಲಿ, ಹಲಗೆಗಪ್ಪಿನ ಮೇಲೆ ಬಿಳಿ,
ಒಂದೇ ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ.
ಗುರುತು ತೆಗೆದುಬಿಟ್ಟೆ.

"ಯಾಕ ಗಪ್ಪಾದಿ? ಮತ್ತ ಎಡವಟ್ಟಾತೇನು?"
"ಇಲ್ರಿ. ಸಾಲಿನ ಅಂತರ ನೋಡ್ಲಿಕತ್ತೀನಿ."
ಗೂಡ್ಸುಗಾಡಿ ಹಾದು ಟೇಬಲ್ಲು ಅದುರಿತು.
ಕೊನೆಯ ಡಬ್ಬಿ ಹೋಗುವವರೆಗೂ ಅವರು ಬಾಯಿಬಿಡಲಿಲ್ಲ.
"ಹಗೇವಿನ ಪುಟ ಬಂತೇನು?"
"ಬಂತ್ರಿ."
"ಅದರ ಬೆನ್ನಿಗೊಂದು ಮಾತದ."
"ಕಾಣಸಬೇಕೇನ್ರಿ?"
ಚಸ್ಮಾ ತೆಗೆದು ಅಂಗಿಯ ಚುಂಗಿಗೆ ಒರೆಸಿದರು, ಕುರುಡುಗಣ್ಣಿನ ಗಾಜನ್ನೂ.
"ಛಾಪಿಸಬ್ಯಾಡ. ಅಳಸಲೂಬ್ಯಾಡ.
ಇದ್ದಲ್ಲೇ ಇರಲಿ."

ಆ ಪುಟಕ್ಕೆ ಓದಲು ಮಾತ್ರ ಎಂದು ಬೀಗ ಹಾಕಿದೆ.
ಉಳಿದವು ತಿದ್ದಬಹುದು.
ಐದು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳಲಿ.
ಕರ್ಸರು ಮಿಣುಕಬೇಕೇ? ಹೌದು.

ಬಿಲ್ಲು ಇಪ್ಪತ್ತೈದು. ನಾಣ್ಯಗಳನ್ನು ಬೆರಳಿಂದ ಸವರಿ ಸವರಿ ಕೊಟ್ಟರು.
ಅವರು ಹಳಿ ದಾಟುವುದನ್ನು ನೋಡುತ್ತ ನಿಂತೆ.
ಒಳಗೆ ಕಪ್ಪಿನ ತಳದಲ್ಲಿ ಕರ್ಸರು
ಹತ್ತುತ್ತಿತ್ತು, ಆರುತ್ತಿತ್ತು, ಹತ್ತುತ್ತಿತ್ತು.
ಎಣಿಸಿದರೆ
ಐದು ರೂಪಾಯಿ ಹೆಚ್ಚಿಗೆ ಬಂದಿತ್ತು.