ಜಾಲಿಕಂಟಿಯ ತುಪ್ಪಟ

ಸಂಖದಿಂದ ಒಂದು ಹರದಾರಿ, ಪವನಚಕ್ಕಿಯ ಮಡ್ಡಿ.
ಕೆಂಪು ದೀಪ ಒಮ್ಮೆಲೆ ಹತ್ತತಾವ, ಒಮ್ಮೆಲೆ ಆರತಾವ.
ಅವಕ್ಕ ಬೆನ್ನು ಮಾಡಿ, ಉತ್ತರಕ್ಕ ದುರ್ಬೀನ ಹೂಡೇನಿ.
ಕಂಬಳಿ ಹೊದಿಸಿದ್ದು ಬ್ಯಾಟರಿಗೆ, ನನಗಲ್ಲ.

ಹನ್ನೊಂದು ರಾತ್ರಿ. ಒಂದೊಂದು ಚಿತ್ರಕ್ಕ ಐದು ನಿಮಿಷ.
ಕೆಲವು ಉಪಗ್ರಹ ಗೀರಿ ಕೆಟ್ಟವು,
ಕೆಲವು ಸೋಲಾಪುರದ ಬೆಳಕು ಮೋಡಕ್ಕ ಹತ್ತಿ,
ನಾಕು ವಾಚಮನ್ ಮಾಳಪ್ಪನ ಟಾರ್ಚಿನಿಂದ.
ಪಾಪ, ಚಹಾ ತಂದಿದ್ದ.
ಉಳಿದ ಮುನ್ನೂರಾ ಎಂಬತ್ತನ್ನ
ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ ಇಟ್ಟೆ.

ನಟ್ಟನಡುವ ಆ ಸುರುಳಿ ಗ್ಯಾಲಕ್ಸಿ,
ಬಳಿ ಅಡ್ಡ ಹಿಡದಂಗ, ಬರೇ ಅಂಚು.
ಅದರ ಸುತ್ತ ಒಂದು ಮಸಕು ಕೊಳಿ.
ಧೂಳು ಅಂದುಕೊಂಡೆ.
‘ಹಿನ್ನೆಲೆ ಸಾಫ್’ ಒತ್ತಿದೆ. ಹೋತು.
ಇಸ್ತ್ರಿ ಮಾಡಿದ ಅರಬಿಯಂಗ ಆಕಾಶ.
ಮೂರು ದಿನ ಅದನ್ನ ಚಂದ ಅಂದೆ.

ಡಾರ್ಕ್‌ರೂಮಿನಾಗ ಅಬ್ಬಾ
ಬೆಳ್ಳಗಿನ ಕಾಗದ ನೀರಿಗೆ ಅದ್ದಿ ಹೇಳತಿದ್ರು:
ಖಾಲಿ ಅನಬ್ಯಾಡ ಜೈತೂನ, ನೂರು ಎಣಿಸು.
ನಾ ಅರವತ್ತಕ್ಕ ಎತ್ತತಿದ್ದೆ.
ಹಿಂಗಾಗಿ ಎಷ್ಟೋ ಮದಿವಿ ಫೋಟೋದಾಗ
ಹಿಂದ ನಿಂತ ಹೆಣ್ಣಮಕ್ಕಳು ಬರಲೇ ಇಲ್ಲ.

ನಾಕನೇ ದಿನ ಒಗದದ್ದನ್ನೆಲ್ಲ ತಿರುಗಿ ತಂದೆ.
ಕ್ಯಾಮರಾ ಕಾಲುಸುತ್ತು ತಿರುವಿ ಮತ್ತ ಕುಂತೆ ಮಡ್ಡಿ ಮ್ಯಾಲ.
ಧೂಳಾಗಿದ್ದರ ಕ್ಯಾಮರಾದ ಜೋಡಿ ತಿರಗತಿತ್ತು.
ಕೊಳಿ ತಿರಗಲಿಲ್ಲ.
ಅದು ಅಲ್ಲೇ ಇತ್ತು, ಐದು ಕೋಟಿ ವರ್ಷದ ಆಚೆ,
ಎರಡು ಸುತ್ತು ಸುತ್ತಿ, ನಡುನಡುವ ಹರದು,
ಕತ್ತಲಕ್ಕಿಂತ ಒಂದು ಕೂದಲೆಳಿಯಷ್ಟು ಬೆಳ್ಳಗ.

ಮಾಳಪ್ಪ ಲ್ಯಾಪ್‌ಟಾಪಿಗೆ ಬಗ್ಗಿದ.
‘ಇದು ಕುರಿ ಹಾದ ದಾರಿ’ ಅಂದ.
‘ಕಂಟಿ ಸಂದ್ಯಾಗ ಹಿಂಡು ಹಾದು ಹೋಗತೈತಿ,
ಮುಳ್ಳಿಗೆ ತುಪ್ಪಟ ಉಳಿತೈತಿ.
ಎಂಟು ದಿನ ಬಿಟ್ಟು ಬಂದರೂ
ಯಾವ ಕಡೆ ಹೋದಾವು ಹೇಳತೇನಿ.’

ಬರೋಬ್ಬರಿ ಅದಽ, ಮಾಳಪ್ಪಾ.
ಒಂದು ಸಣ್ಣ ಗ್ಯಾಲಕ್ಸಿ
ದೊಡ್ಡದರ ಹತ್ತರ ಹಾಯಲಿಕ್ಕೆ ಹೋಗಿ ಹಿಂಜಿತು.

‘ಆಚೆ ಎಷ್ಟು ಹೊರಟಾವ?’ ಎಣಿಕಿ ಅವನ ರಕ್ತದಾಗ.
ಹೊರಟಿಲ್ಲ. ಉಳಿದದ್ದು ಇದಽ.
‘ಮತ್ತ ಇವು ಈಗ ಯಾರ ಕುರಿ?’

ಚಕ್ಕಿ ತಿರಗತಿತ್ತು. ಅಂವ ಚಹಾ ಬಗ್ಗಿಸಿದ,
ಮೊದಲ ಹನಿ ನೆಲಕ್ಕ.

ನಮ್ಮ ಸ್ಟುಡಿಯೋದ ಗ್ವಾಡಿ ಮ್ಯಾಲ ಈಗ ಮರಾಠಿ ಬೋರ್ಡು.
ನಾನಽ ಬರಿಸಿದ್ದು, ಗಿರಾಕಿ ಓದಬೇಕಲ್ಲ.
ಮಳಿ ಬಡದ ದಿನ ಸುಣ್ಣದ ಕೆಳಗಿಂದ
ಅಬ್ಬಾ ಬರದ ಕನ್ನಡದ ‘ಛಾ’ ಏಳತೈತಿ,
ಬಿಸಲು ಬಿದ್ದರ ಹೋಗತೈತಿ.
ಇದನ್ನ ಅದಕ್ಕ ಹೋಲಿಸಬಾರದು.
ಅಲ್ಲೆ ಯಾರೂ ಸುಣ್ಣ ಹಚ್ಚಿಲ್ಲ.
ಬರೇ ತೂಕ, ಬರೇ ವ್ಯಾಳ್ಯಾ.
ಹೋಲಿಸಬಾರದು ಅಂತ ಗೊತ್ತಿದ್ದೂ
ಅವತ್ತು ಮುಂಜಾನೆ ಒದ್ದಿ ಕೈ ಗ್ವಾಡಿಗೆ ಒರಸಿದೆ.

ಒಂಬತ್ತಕ್ಕ ಒಂದು ಹುಡಿಗಿ ಬಂದ್ಲು.
ಅಂಗನವಾಡಿ ಅರ್ಜಿಗೆ ಪಾಸ್‌ಪೋರ್ಟ್ ಸೈಜು,
ಹಿನ್ನೆಲೆ ಬೆಳ್ಳಗ ಇರಬೇಕಂತ.
ಕಣ್ಣು ಪಿಳುಕಿಸಬ್ಯಾಡ ಅಂದೆ. ತಗದೆ.
ಕಿವಿ ಹತ್ತರ ಕೂದಲೊಂದು ಎದ್ದು,
ಬಿಳಿಯೊಳಗ ಬಾಗಿ, ಎಲ್ಲಿ ಮುಗೀತೈತಿ ತಿಳಿವಲ್ದು.
‘ಸಾಫ್’ ಬಟನ್ ಮ್ಯಾಲ ಬೆರಳು ಇಟ್ಟು ಕುಂತೆ.

‘ಆತೇನ್ರಿ ಅಕ್ಕಾ?’

ತಡಿ ಅಂದೆ.
ಎಣಿಸಾಕತ್ತೇನಿ.