ಒಂದೇ ದನಿಯ ಊರು

ಆ ಊರಲ್ಲಿ ನರಿ ಟ್ರಾಮಿನ ಕಂಡಕ್ಟರು.
ಮುಳ್ಳುಹಂದಿ ದರ್ಜಿ, ಸೂಜಿ ಹುಡುಕುವ ಗೋಜಿಲ್ಲ,
ಬೆನ್ನಿಂದ ಒಂದು ಕಿತ್ತರಾಯಿತು.
ಚೌಕದ ನಡುವೆ ನೀರಾನೆ ಸೀಟಿ ಊದುತ್ತದೆ,
ಇಲಿಗಳ ಮದುವೆ ದಿಬ್ಬಣಕ್ಕೆ
ಬಸ್ಸುಗಳೆಲ್ಲ ಉಸಿರು ಹಿಡಿದು ನಿಲ್ಲುತ್ತವೆ.
ಎಲ್ಲರೂ ಮಾತಾಡುತ್ತಾರೆ.
ಎಲ್ಲರದೂ ಒಂದೇ ದನಿ.

ವಾರ್ಸಾದಲ್ಲಿ ಆಗ ಹಾಗೆಯೇ.
ಹೊರದೇಶದ ಕ್ಯಾಸೆಟ್ಟು, ಒಬ್ಬನೇ ಓದುಗಾರ.
ನಾಯಕಿಗೂ ಕಳ್ಳನಿಗೂ ಅದೇ ಗಂಟಲು,
ಏರಿಲ್ಲ, ಇಳಿವಿಲ್ಲ,
ದಿನಸಿ ಚೀಟಿ ಓದಿದ ಹಾಗೆ.
‘ನಿನ್ನ ಬಿಟ್ಟು ಬದುಕಲಾರೆ’ ಎನ್ನುವ ಇಲಿಗೂ
‘ಟಿಕೆಟ್ ತೋರಿಸಿ’ ಎನ್ನುವ ನರಿಗೂ
ನಡುವೆ ಕೆಮ್ಮೊಂದನ್ನು ನುಂಗಿದ ಅದೇ ಸದ್ದು.
ಅದರಡಿಯಲ್ಲಿ, ಪಕ್ಕದ ಮನೆಯ ರೇಡಿಯೋದಂತೆ,
ಅವುಗಳ ಸ್ವಂತ ಭಾಷೆ
ಕಿಚಕಿಚ.

ತಮ್ಮ ಕಾಯೆತಾನ್‌ಗೆ ಐದು ವರ್ಷ.
ಪ್ರಾಣಿಗಳಿಗೆಲ್ಲ ಸೇರಿ ದೇವರು ಕೊಟ್ಟದ್ದು ಒಂದೇ ದನಿ,
ಸರದಿಯ ಮೇಲೆ ಬಳಸುತ್ತವೆ ಎಂದುಕೊಂಡಿದ್ದ,
ನಮ್ಮ ಮಹಡಿಗೆಲ್ಲ ಒಂದೇ ಫೋನು ಇತ್ತಲ್ಲ, ಹಾಗೆ.
‘ಅದಕ್ಕೇ ನೋಡು, ಒಬ್ಬರ ಮಾತಿಗೆ ಒಬ್ಬರು
ಬಾಯಿ ಹಾಕುವುದಿಲ್ಲ.’
ನಾನು ಎಂಟರವಳು, ನಕ್ಕೆ.
ಆಮೇಲೆ ಗಮನವಿಟ್ಟು ನೋಡಿದೆ.
ಹೌದು, ಹಾಕುವುದಿಲ್ಲ.

ಪ್ರಾಗಾದ ಟ್ರಾಮ್ ನಿಲ್ದಾಣದ ಹತ್ತಿರ
ರಸ್ತೆಗಂಟಿಕೊಂಡೇ ಕರಡಿಗಳ ದಿಬ್ಬ.
ಟ್ರಾಮ್ ಬರುವ ತನಕ ಕಾಯೆತಾನ್
ಕಂಬಿಗೆ ಮೂಗೊತ್ತಿ ನಿಲ್ಲುತ್ತಿದ್ದ.
ಒಮ್ಮೆ ಕರಡಿ ಎದ್ದಿತು, ಇವನನ್ನೇ ನೋಡಿತು,
ಬಾಯಿ ತೆರೆಯಿತು.
ಆಕಳಿಕೆ.
‘ಈಗ ಅದರ ಸರದಿ ಅಲ್ಲ’ ಎಂದ,
ಬೇಸರವೇನೂ ಇಲ್ಲದೆ.

ಹೊಸ ಕಟ್ಟಡಕ್ಕೆ ಬಂದ ಚಳಿಗಾಲ,
ಲಿಫ್ಟಿನಲ್ಲಿ ಒಬ್ಬರು, ಬಲೆಚೀಲದ ತುಂಬ ಬೀಟ್‌ರೂಟು,
ಟೋಪಿಯ ಮೇಲೆ ಕರಗದ ಹಿಮ.
‘ಎಷ್ಟನೆಯ ಮಹಡಿ?’

ನರಿ!

ತಮ್ಮ ತಡಮಾಡಲಿಲ್ಲ.
ಕೈಗವಸು ಕಚ್ಚಿ ಎಳೆದ, ಜೇಬು ತಡಕಿದ,
ತೂತು ಬಿದ್ದ ಟ್ರಾಮ್ ಟಿಕೆಟ್ ಎತ್ತಿ ಹಿಡಿದ.
ಅಮ್ಮನ ಮುಖ ಆ ಬೀಟ್‌ರೂಟಿನ ಬಣ್ಣ.
ಅವರು ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು,
ಹಿಂದೆ ಮುಂದೆ ತಿರುಗಿಸಿದರು,
‘ಸರಿ ಇದೆ. ಮುಂದಿನ ನಿಲ್ದಾಣ ಏಳು’ ಎಂದರು,
ಏರಿಲ್ಲದೆ, ಇಳಿವಿಲ್ಲದೆ.
ಲುಬೊಮಿರ್, ಎಪ್ಪತ್ತೆರಡನೆಯ ನಂಬರಿನ ಮನೆ.
ಅಂಚೆಡಬ್ಬಿಯ ಮೇಲೆ ಹೆಸರಿತ್ತು, ನಾವು ಓದಿರಲಿಲ್ಲ.

ಈಗ ಮಗಳನ್ನು ಮಾಲಿಗೆ ಕರೆದೊಯ್ಯುತ್ತೇನೆ.
ಪರದೆಯ ಮೇಲೆ ಪ್ರತಿ ಪ್ರಾಣಿಗೂ ಅದರದೇ ದನಿ,
ಪ್ರತಿ ದನಿಗೂ ಒಬ್ಬ ಹೆಸರಾಂತ ನಟ.
ಅಳಿಲು ಹಾಡುತ್ತದೆ, ಕೊಕ್ಕರೆ ಗೊಣಗುತ್ತದೆ,
ಎಲ್ಲರೂ ಎಲ್ಲರ ಮಾತಿಗೂ ಬಾಯಿ ಹಾಕುತ್ತಾರೆ.
ಮಗಳು ಬಿದ್ದು ಬಿದ್ದು ನಗುತ್ತಾಳೆ. ನಾನೂ ನಗುತ್ತೇನೆ.
ಆದರೂ ಒಂದು ಕಿವಿ ಅಡಿಯಲ್ಲೇ ಹುಡುಕುತ್ತದೆ,
ಆ ಕಿಚಕಿಚ ಎಲ್ಲಿ?

ಕಾಯೆತಾನ್‌ಗೆ ಇಪ್ಪತ್ತು ತುಂಬಿದ ವರ್ಷ
ಅದೇ ಲಿಫ್ಟು, ಅದೇ ಬಲೆಚೀಲ.
ಲುಬೊಮಿರ್ ಅವರ ಕೊರಳಿಗೆ ಬಿಳಿ ಬಟ್ಟೆ,
ಅದರ ಹಿಂದೆ ಆಸ್ಪತ್ರೆಯವರು ಬಿಟ್ಟ ತೂತು.
ಕೇಳಲಿಲ್ಲ, ಹುಬ್ಬೆತ್ತಿದರು ಅಷ್ಟೆ.
ನಮ್ಮ ಮಹಡಿ ಅವರಿಗೆ ಗೊತ್ತಿತ್ತು.
ತಮ್ಮ ಜೇಬಿಂದ ಟಿಕೆಟ್ ತೆಗೆದ.
ಬೆಳಕಿಗೆ ಹಿಡಿದು ನೋಡಿದರು. ತುಟಿ ಆಡಿತು,
ಬಟ್ಟೆಯ ಅಂಚು ಸ್ವಲ್ಪ ಅಲುಗಿತು.

‘ಬೇರೆ ಯಾರೋ ಬಳಸುತ್ತಿರಬೇಕು’ ಎಂದ ಕಾಯೆತಾನ್,
‘ಸರದಿ ಬರುತ್ತದೆ, ಬಿಡಿ.’

ಅವರ ಭುಜ ಕುಲುಕಿತು.
ನಗುವೋ ಕೆಮ್ಮೋ, ಸದ್ದಿಲ್ಲದೆ ಹೇಗೆ ತಿಳಿಯುವುದು?
ಏಳನೆಯ ಮಹಡಿ ಬಂತು.
ಬೀಟ್‌ರೂಟಿನ ಚೀಲ ನಾನು ಹಿಡಿದುಕೊಂಡೆ.